ಸ್ಟೇಷನ್ ಮಾಸ್ಟರರ ಮಗಳು

ಅರೋರಾ, ಇಲಿನಾಯ್
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಅಪ್ಪನಿಗೆ ಅನಸೂಯಳ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ತಮ್ಮ ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಕಪಾಟಿನಲ್ಲಿಟ್ಟು ಮರೆತಿದ್ದೀರೋ? ನಾವೆಲ್ಲ ಆರೋಗ್ಯವಾಗಿದ್ದೇವೆ.

ನಾನು ಶನಿವಾರ ಹೋಗುವ ಹಾರ್ಲನ್ ಎಂಥ ಊರು ಅಂತ ಕೇಳಿದ್ದಿರಿ. ಇಲ್ಲಿಂದ ನಲವತ್ತು ಮೈಲಿ. ಅಲ್ಲಿ ಮೊದಲು ಬಂದದ್ದು ರೈಲು ಹಳಿ, ಆಮೇಲೆ ಊರು. ಬೀದಿಗಳೆಲ್ಲ ಹಳಿಯ ಓರೆಗೇ ಓರೆಯಾಗಿವೆ. ಉತ್ತರಕ್ಕೆ ಡ್ರೈವರುಗಳು, ಗಾರ್ಡುಗಳು ಕಟ್ಟಿಸಿದ ಮಹಡಿ ಮನೆಗಳು. ದಕ್ಷಿಣಕ್ಕೆ ಹಳಿ ರಿಪೇರಿಯವರ ಪುಟ್ಟ ಮನೆಗಳು. ಈಗ ಅಲ್ಲಿ ಯಾವ ರೈಲೂ ನಿಲ್ಲುವುದಿಲ್ಲ. ಆದರೂ ಗೂಡ್ಸ್ ಹಾಯುವಾಗ ಜನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕೊನೆಯ ಡಬ್ಬಿ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ. ಹಳೆಯ ಸ್ಟೇಷನ್ನೇ ಮ್ಯೂಸಿಯಂ ಆಗಿದೆ. ಅಲ್ಲಿನ ಫೋಟೋಗಳಿಗೆ ನಾನು ವಿವರ ಬರೆಯುತ್ತೇನೆ.

ನಿನ್ನೆ ದಿಯಾಳನ್ನೂ ಕರೆದೊಯ್ದಿದ್ದೆ. ಅಲ್ಲಿ ಡೆಲ್ಮರ್ ಎಂಬ ಹಿರಿಯರಿದ್ದಾರೆ, ಮೂವತ್ತೆಂಟು ವರ್ಷ ಹಳಿಯಡಿ ಜಲ್ಲಿ ತುಂಬಿದವರು. "ನಿಮ್ಮ ಮನೆಯಲ್ಲಿ ರೈಲ್ವೆಯವರು ಯಾರಾದರೂ ಇದ್ದರೇ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು, "ತಾತ ಸ್ಟೇಷನ್ ಮಾಸ್ಟರ್" ಅಂದಳು. "ಹಂಗಾದ್ರೆ ನಮ್ಮಂಥೋರನ್ನ ಬೈತಿದ್ದೋರು ಅವರೇ ಅನ್ನು" ಎಂಬರ್ಥದಲ್ಲಿ ಅವರು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀವು ಸ್ಟೇಷನ್ ಮಾಸ್ಟರ್ ಎಂದು ಅವಳಿಗೆ ಹೇಳಿದ್ದು ನಾನೇ, ಅಪ್ಪ. ಅರಸೀಕೆರೆಯಿಂದ ಬಾಣಾವರದ ಕಡೆಗೆ ಸುತ್ತಿಗೆ ಹೊತ್ತು ದಿನವೂ ಹಳಿ ನೋಡುತ್ತ ನಡೆದ ಗ್ಯಾಂಗ್‌ಮನ್ ನೀವು. ಹಾರ್ಲನ್ನಿನಲ್ಲಿ ಹುಟ್ಟಿದ್ದರೆ ನಾವು ಹಳಿಯ ದಕ್ಷಿಣದವರು. ಈ ಸುಳ್ಳು ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಶುರುವಾಯಿತು. ಖಾಕಿ ಅಂಗಿಯಲ್ಲೇ ನನ್ನನ್ನು ನೋಡಲು ಬಂದ ನಿಮ್ಮನ್ನು ಗೇಟಿನ ಹೊರಗೇ ಮಾತಾಡಿಸಿ ಕಳಿಸಿದ್ದೆ. ದುಡಿಯುವವರ ಕೈಗಳ ಮೇಲಿನ ಕವಿತೆ ಓದಿ ಕಣ್ಣೊದ್ದೆ ಮಾಡಿಕೊಳ್ಳುತ್ತಿದ್ದವಳೂ ನಾನೇ. ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ.

ತಮ್ಮನಿಗೂ ಅವನ ಮನೆಯವರಿಗೂ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲ, ಆದರೂ ಕೇಳುತ್ತೇನೆ.

ನಿಮ್ಮ ಮಗಳು,
ಅನಸೂಯ

ಲಕೋಟೆ ಅಂಟಿಸುವ ಮುನ್ನ ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ದಿಯಾ ಫೋನಿನಲ್ಲಿ, ಸ್ಟೇಷನ್ ಮಾಸ್ಟರ್ ಆಗಿ ಏನು ಕೆಲಸ ಮಾಡ್ತಿದ್ರಿ ತಾತ ಅಂತ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ನೀವು, "ಹಸಿರು ಬಾವುಟ ತೋರಿಸ್ತಿದ್ದೆ ಕಣಮ್ಮ" ಎಂದಿರಿ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ಅವಳಿಗೂ ಡೆಲ್ಮರ್ ಅವರಿಗೂ ನಿಜ ಹೇಳಿರುತ್ತೇನೆ. ಅವಳು ಮತ್ತೆ ಕೇಳಿದರೆ ನನ್ನ ಮಾನ ಉಳಿಸಲು ಹೋಗಬೇಡಿ, ಅಪ್ಪ.