ಕೀನ್ಯಾದ ಮುದ್ದೆ

ಮಿರ್ಲೆ

ಮೊಮ್ಮಗಳು ರೂಪಶ್ರೀಗೆ ಅಜ್ಜಿಯ ಆಶೀರ್ವಾದ.

ಕೀನ್ಯಾದ ಬಡಮಕ್ಕಳಿಗೆ ಪಾಠ ಹೇಳಿಕೊಡಲು ಹೋಗಿದ್ದೀಯ, ಸಂತೋಷ. ಆದರೆ ನಿನ್ನೆ ವಿಡಿಯೊ ಕಾಲಿನಲ್ಲಿ, ನಿನಗೆ ಇರಲು ಜಾಗ ಕೊಟ್ಟಿರುವ ಮನೆಯವರು ಕೊಟ್ಟ ಮುಸುಕಿನ ಜೋಳದ ಮುದ್ದೆ ತೋರಿಸಿ, "ಥೂ, ಇದ್ನ ಯಾರಜ್ಜಿ ತಿಂತಾರೆ?" ಅಂತ ಮೂಗು ಮುರಿದು ಬಿಸ್ಕತ್ತು ತಿಂದೆಯಲ್ಲ, ನನಗೆ ನಾಚಿಕೆಯಾಯಿತು ಕಣೇ. ರಾಗಿಮುದ್ದೆ ನುಂಗಿ ಬೆಳೆದ ಮೂತಿ ನಿಂದು! ಹಿಂದೆ ನಿಂತಿದ್ದ ಆ ಮನೆಯಾಕೆಗೆ ಕನ್ನಡ ಬಾರದಿರಬಹುದು. ಮೂಗು ಮುರಿದದ್ದು ಯಾವ ಭಾಷೆಯವರಿಗೂ ತಿಳಿಯುತ್ತೆ. ತಲೆ ತಗ್ಗಿಸಿ ತಟ್ಟೆ ಎತ್ತಿಕೊಂಡು ಹೋದಳು. ಇಲ್ಲಿ ನಾನೂ ತಗ್ಗಿಸಿದೆ.

ನಿಮ್ಮಪ್ಪ ಈ ಕಾಗದವನ್ನು ಫೋಟೊ ಹಿಡಿದು ಕಳಿಸುತ್ತಾನೆ. ಓದಿದ ಕೂಡಲೇ ಅವಳ ಒಲೆ ಮುಂದೆ ಕೂತು ನೀನೇ ಮುದ್ದೆ ಕೇಳು. ಚೂರೂ ಬಿಡದೆ ಉಂಡು, ತಟ್ಟೆ ತೊಳೆದಿಡು. ಅವಳಾಗೇ ಎರಡನೇ ಮುದ್ದೆ ಇಕ್ಕಿದ ದಿನ ನನಗೆ ಫೋನ್ ಮಾಡು. ಅಲ್ಲೀವರೆಗೂ ಬೇಡ.

ನಿಮ್ಮಜ್ಜಿ
ಕುಳ್ಳಮ್ಮ