ಗುಂಡಿಗಳಿಗೆ ಹೆಸರು

ರೊಸಾರಿಯೊ, ಜೂನ್ ೧೪

ಪ್ರಿಯ ದಾರಿಯೊ,

ಪ್ರಿಯ ಅಂತ ಬರೆಯುವಾಗಲೇ ಕೈ ಹೇಸಿತು. ಹಳೇ ಅಭ್ಯಾಸ, ಇರಲಿ ಬಿಡು.

ಕಾಲೇಜಿನಿಂದಲೂ ಒಂದೇ ಸೋರೆಬುರುಡೆಯಲ್ಲಿ ಮಾಟೆ ಕಷಾಯ ಹೀರಿದವರು ನಾವು. ನಿನ್ನ ಬಸ್ ಆ್ಯಪ್ ಎಲ್ಲರದು, ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದು ಎಂದು ಸಭೆಯಲ್ಲಿ ನೀನೇ ಎದೆ ತಟ್ಟಿಕೊಂಡು ಹೇಳಿದ್ದೆ. "ಹೊಸಬ್ರು ಬನ್ರಪ್ಪಾ, ನಾವೇನು ಕಚ್ಚಲ್ಲ" ಅಂದಿದ್ದೆ. ನಂಬಿದೆನಲ್ಲ, ನನ್ನ ಬುದ್ಧಿಗಿಷ್ಟು!

ಅಮ್ಮನ ಕಣ್ಣು ಹೋದದ್ದು ನಿನಗೆ ಗೊತ್ತು. ಪರದೆಯ ಮೇಲಿರುವುದನ್ನು ಅವಳ ಫೋನು ಓದಿ ಹೇಳುತ್ತದೆ. ನಿನ್ನ ಆ್ಯಪಿನಲ್ಲಿ ಮಾತ್ರ "ಗುಂಡಿ, ಗುಂಡಿ, ಗುಂಡಿ" ಎಂದಷ್ಟೇ ಒದರುತ್ತಿತ್ತು, ಯಾಕೆಂದರೆ ಒತ್ತುವ ಒಂದು ಗುಂಡಿಗೂ ನೀವು ಫೋನು ಓದುವಂಥ ಹೆಸರು ಬರೆದಿರಲಿಲ್ಲ. ತಪ್ಪು ಬಸ್ಸು ಹತ್ತಿ, ನದಿದಂಡೆಯ ಕೊನೇ ಸ್ಟಾಪಿನಲ್ಲಿ ಚಳಿಗೆ ನಡುಗುತ್ತ ನಿಂತವಳು ಆಮೇಲೆ ಒಬ್ಬಳೇ ಹೊಸಿಲು ದಾಟಲಿಲ್ಲ. ಭಾನುವಾರ ತನ್ನ ತಂಗಿಯ ಮನೆಗೆ ರವಿಯೋಲಿ ಊಟಕ್ಕೆ ಹೋಗುವುದೂ ನಿಂತಿತು. ಅವಳು ಮತ್ತೆ ತಾನೇ ಹೋಗಿಬರಲಿ ಎಂದು ಕಷ್ಟಪಟ್ಟು ಕೋಡಿಂಗ್ ಕಲಿತು, ಪ್ರತಿ ಗುಂಡಿಗೂ ಹೆಸರು ಬರೆದು ನಿಮಗೆ ಕಳಿಸಿದೆ. ಅದು ನನ್ನ ಮೊದಲ ತಿದ್ದುಪಡಿ.

"ಪಾಪ ನೆಲಿಡಾ, ಆಸೆ ಒಳ್ಳೇದೇ ಕಣೆ. ಮೊದ್ಲು ಸ್ವಲ್ಪ ಕಲ್ತ್ಕೊಂಡು ಬಾ" ಎಂದು ಬರೆದು ನೀನು ಅದಕ್ಕೆ ಬಾಗಿಲು ಹಾಕಿದೆ. ನಿನ್ನ ಗೆಳೆಯರು ಕೆಳಗೆ ನಗುವ ಮುಖ ಅಂಟಿಸಿದರು. ತಪ್ಪು ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ ಇನ್ನೆರಡು ನಗುವ ಮುಖ ಬಂದವು.

ಮುಂದಿನ ವಾರ ಫಾಬಿಯನ್ ಎಂಬ ಹೊಸಬ ಒಂದು ತಿದ್ದುಪಡಿ ಕಳಿಸಿದ. ಸಂಜೆಯೊಳಗೆ ಸೇರಿಸಿಕೊಂಡಿರಿ. "ಭಲೇ ತಮ್ಮಾ, ಏನ್ ಅಚ್ಚುಕಟ್ಟು ಕೆಲ್ಸ ನಿಂದು!" ಅಂದೆ ನೀನು. ಮುಂದಿನ ಸಭೆಗೆ ವೇದಿಕೆ ಹತ್ತಲೂ ಕರೆದಿದ್ದೀಯ.

ಅವನು ಬರುವುದಿಲ್ಲ. ಫಾಬಿಯನ್ ನಾನೇ. ಒಂದಕ್ಷರ ಬದಲಿಸದೆ ನನ್ನ ಮೊದಲ ತಿದ್ದುಪಡಿಯನ್ನೇ ಗಂಡಸಿನ ಹೆಸರಿನಲ್ಲಿ ಕಳಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊ.

ಛೀ! ನಿನ್ನ ಆ ಹೊಗಳಿಕೆ ಓದಿ ಫೋನನ್ನೇ ಮಗುಚಿಟ್ಟೆ ಕಣೋ. ಬೈದಿದ್ದರೂ ಸಹಿಸುತ್ತಿದ್ದೆ. ನಿನ್ನ ಕ್ಷಮೆ ನನಗೆ ಬೇಡ, ನಿನ್ನ ವೇದಿಕೆಯೂ ಬೇಡ. ಆ ಕೆಲಸದ ಮೇಲೆ ನನ್ನ ಹೆಸರು ಹಾಕು, ಅಷ್ಟು ಸಾಕು.

ಇನ್ನು ಮುಂದೆ ನಿನ್ನ ಗೆಳತಿಯಲ್ಲದ,
ನೆಲಿಡಾ

ಮರೆತ ಮಾತು: ನಿನ್ನೆ ಅಮ್ಮ ಒಬ್ಬಳೇ ತಂಗಿಯ ಮನೆಗೆ ಹೋಗಿಬಂದಳು. ಆ ಖುಷಿಯಲ್ಲಿ ಆ್ಯಪಿಗೆ ಕೆಲಸ ಮಾಡಿದವರ ಹೆಸರಿರುವ ಕೃತಜ್ಞತೆಯ ಪುಟವನ್ನೂ ಫೋನಿನಿಂದ ಓದಿಸಿಕೊಂಡು ನನ್ನನ್ನು ಕರೆದಳು. "ಆ ಫಾಬಿಯನ್‌ನ ಹೆತ್ತವಳ ಹೊಟ್ಟೆ ತಣ್ಣಗಿರ್ಲಿ ಕಣೇ! ನಂಗೂ ಅಂಥಾ ಒಬ್ಬ ಮಗ ಇದ್ದಿದ್ರೆ!" ಅಂದಳು.