ಅಂಚು ಬಿಡಿಸಿದ ಮೇಲೆ

ಭಾನುವಾರ, ಮಧ್ಯಾಹ್ನ

ಅಮ್ಮನಿಗೆ,

ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸುವ ಸಾಲನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ.

ತಂಗಿ ಪುಟ್ಟಿಯ ಬಾಣಂತನಕ್ಕೂ ನೀನು ಆ ಹಳೆಯ ತಕ್ಕಡಿ ಹೊರತೆಗೆದೆಯಂತೆ. ಹೆರಿಗೆ ವಾರ್ಡಿನಲ್ಲೇ ತಲೆ ನರೆತ ದಾದಿ ನೀನು, ನಿನಗೆ ಎದುರಾಡುವವರು ಯಾರು? ಹಾಲೂಡಿಸುವ ಮೊದಲೊಮ್ಮೆ, ಊಡಿಸಿದ ಮೇಲೊಮ್ಮೆ ಕೂಸನ್ನು ತೂಗುವುದು, ಮುಳ್ಳು ಏರಲಿಲ್ಲವೆಂದು ಮನೆಗೆಲ್ಲ ಸಾರುವುದು. ನನ್ನ ಬಾಣಂತನದಲ್ಲೂ ನೀನು ಹಾಗೇ ಮಾಡಿದೆ. "ಹಸುಗೂ ಬರೋ ಕೆಲಸ ನಿಂಗೆ ಬರಲ್ವಲ್ಲೇ" ಎಂದು ನೀನು ಅಂದಾಗ ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ಅಷ್ಟೇ, ಕೆಮ್ಮಿದರು.

ಆಮೇಲೆ ನಾನು ಸೇರಿದ ಪ್ರಯೋಗಾಲಯದಲ್ಲಿ ಏನು ಮಾಡುತ್ತೇನೆಂದು ನೀನು ಕೇಳಿದ್ದಿಲ್ಲ. ಇಲಿಯ ಸ್ತನದ ಕೋಶಗಳನ್ನು ತಟ್ಟೆಯಲ್ಲಿ ಸಾಕುತ್ತೇನೆ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಅವು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಹಾಲಿನ ಹಾರ್ಮೋನನ್ನು ಎಷ್ಟು ಸುರಿದರೂ ಹೂಂ ಅನ್ನುವುದಿಲ್ಲ. ಹಾರ್ಮೋನು ಹೊರಗಿನಿಂದ ಬಾಗಿಲು ತಟ್ಟುತ್ತದೆ. ಆ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶದ ನಡುಮನೆ ಮುಟ್ಟಬೇಕು. ಬಿಗಿದು ಕೂತ ಕೋಶದಲ್ಲಿ ಅದು ದಾರಿಯಲ್ಲೇ ನಿಂತುಬಿಡುತ್ತದೆ. ಕೋಶಗಳ ಕೆಳಗೆ ಮೆತ್ತನೆಯ ಜೆಲ್ಲಿನ ಹಾಸು ಹಾಕಿದೆ, ಆಗಲೂ ಹಾಲಿಲ್ಲ. ನೋಡಿದರೆ ಹಾಸಿನ ಅಂಚು ತಟ್ಟೆಯನ್ನು ಕಚ್ಚಿ ಇಡೀ ಹಾಸನ್ನು ಬಿಗಿಯಾಗಿ ಎಳೆದಿಟ್ಟಿತ್ತು. ಬ್ಲೇಡಿನಿಂದ ಸುತ್ತಲೂ ಬಿಡಿಸಿದೆ. ಹಾಸು ತೇಲಿತು, ಕೋಶಗಳು ದುಂಡಗಾದವು, ಕೆಲವು ದಿನಕ್ಕೆ ಹಾಲಿನ ಪ್ರೋಟೀನು ಬಂತು. ಹಾರ್ಮೋನು ಅದೇ, ಕೋಶವೂ ಅದೇ. ಅವತ್ತು ಕೈಗವಸು ಕಳಚದೆಯೇ ಅತ್ತುಬಿಟ್ಟೆ.

ತಟ್ಟೆಯ ಕೋಶ ಬೇರೆ, ಹೆಣ್ಣು ಬೇರೆ, ಅಷ್ಟು ನನಗೂ ಗೊತ್ತು. ನನಗೆ ಹಾಲು ಬಾರದ್ದಕ್ಕೆ ನೀನೇ ಕಾರಣವೆಂದು ತೋರಿಸುವ ಪ್ರಯೋಗ ಯಾವುದೂ ಇಲ್ಲ. ಇದ್ದಿದ್ದರೆ ಬಿಡುತ್ತಿರಲಿಲ್ಲ. ಆದರೆ ಗದರಿದರೆ ಹಾಲು ಬರುತ್ತದೆಂದು ನಿನಗೆ ಯಾವ ವಾರ್ಡು ಕಲಿಸಿತು, ಅಮ್ಮ? ನನ್ನೊಬ್ಬಳನ್ನು ಮುಗಿಸಿದ್ದು ಸಾಲದಾಯಿತೇ?

ಇನ್ನೂ ಮಗಳೆಂದೇ ಉಳಿದಿರುವ,
ನಿನ್ನ ದೊಡ್ಡವಳು

ತಾ.ಕ.: ನಿನ್ನೆ ನೀನು ಅಂಗಡಿಗೆ ಹೋದಾಗ ಪುಟ್ಟಿಯನ್ನೂ ಕೂಸನ್ನೂ ಕರೆದೊಯ್ದವಳು ನಾನೇ. ಇಲ್ಲೇ ನನ್ನ ಮನೆಯಲ್ಲಿದ್ದಾರೆ, ನೀನು ಬರಬೇಡ. ಹಾಲು ಇನ್ನೂ ಸಾಲದು, ಬಾಟಲಿಯಲ್ಲಿ ಕುಡಿಸುತ್ತಿದ್ದೇವೆ. ತಕ್ಕಡಿಗಾಗಿ ಮನೆಯೆಲ್ಲ ಹುಡುಕಿರುತ್ತೀಯ. ಅದನ್ನು ತಂದವಳು ನಾನಲ್ಲ. ಪುಟ್ಟಿ ಕೂಸಿನ ಬಟ್ಟೆಗಳ ಕೆಳಗೆ ಅಡಗಿಸಿ ತಂದಿದ್ದಾಳೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ, ಕದ ಮುಂದೆ ಮಾಡಿಕೊಂಡು ಮಗುವನ್ನು ತೂಗುತ್ತಿದ್ದಳು.